ಮಗ್ಗದ ಪಕ್ಕದ ಗೋಡೆ

14-11-1971, ಬೆಳಿಗ್ಗೆ

ಮತ್ತೆ ಮಗ್ಗದ ಗುಂಡಿಗೆ ನೀರು. ಚೊಂಬಿನಲ್ಲಿ ಮೊಗೆದು ಮೊಗೆದು ಸೊಂಟ ಬಿದ್ದುಹೋಯಿತು. ಸೇಲಂ ಕಡೆ ಮಳೆಯೇ ಕಮ್ಮಿ ಎಂದು ನಂಬಿಸಿ ಕೊಳ್ಳೇಗಾಲದಿಂದ ಇಲ್ಲಿಗೆ ಕೊಟ್ಟರಲ್ಲ ನಮ್ಮಪ್ಪ, ಒಂದು ಸಲ ಬಂದು ನೋಡಲಿ! ಗುಂಡಿ ಪಕ್ಕದ ಮಣ್ಣುಗೋಡೆ ಬುಡದಲ್ಲಿ ಮೆತ್ತಗಾಗಿದೆ. ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಇವರಿಗೆ ಹೇಳಿದೆ. "ಊಂ" ಅಂದರು. ಲಾಳಿ ನಿಲ್ಲಲಿಲ್ಲ.

16-11

ಮೇಸ್ತ್ರಿ ಮುತ್ತುಸ್ವಾಮಿಯನ್ನು ನಾನೇ ಕರೆಸಿದೆ. ಗೋಡೆ ತಟ್ಟಿ ನೋಡಿ, "ಸುವರು ಊರಿಪ್ಪೋಚ್ಚುಮ್ಮಾ" ಅಂದ. ಪೂರ್ತಿ ನೆನೆದಿದೆಯಂತೆ. ಮಗ್ಗ ಬಿಚ್ಚಿ, ಗೋಡೆ ಇಳಿಸಿ, ಹೊಸದಾಗಿ ಕಟ್ಟಬೇಕಂತೆ. ಬಿಚ್ಚುವುದೆಲ್ಲಿ ಬಂತು? ಮಗ್ಗದ ಮೇಲಿರುವುದು ತಾರಮಂಗಲಂ ಹುಡುಗಿಯ ಧಾರೆ ಸೀರೆ. ಅರ್ಧ ಆಗಿದೆ. ಅತ್ತೆ ಎಗರಿಬಿದ್ದರು.

"ದಾರೆ ಸೀರೆಗೆ ನಡುಮದ್ಯ ಕತ್ತರಿ ಆಕಿದ್ರೆ ಆ ಎಣ್ಣಿನ ಬಾಳು ಕೆಡ್ತೈತೆ. ಬಾಯ್ ಮುಚ್ಕೊಂಡಿರು ಲೇ!"

ಮಧ್ಯಾಹ್ನ ಬಿರುಕಿಗೆ ಸಗಣಿ ಮೆತ್ತಿ ಸುಣ್ಣ ಬಳಿದರು. ಹುಣ್ಣಿಗೆ ಪೌಡರ್ ಹಾಕಿದ ಹಾಗೆ. ನೋಡಲು ಮಾತ್ರ ಚೆನ್ನಾಗಿದೆ.

17-11

ಮಳೆ. ಗೋಡೆ ಒಳಗಡೆಗೆ ಉಬ್ಬಿದೆ. ಎದುರು ಮನೆ ಚೆಲ್ಲಮ್ಮಕ್ಕ ತಮ್ಮ ಜಗಲಿಗೆ ಬನ್ನಿ ಎಂದು ಕರೆದರು. ಇವರು ಒಪ್ಪಲಿಲ್ಲ. "ಸೀರೆ ಇಳಿಯೋಗಂಟ ಮಗ್ಗ ಬುಟ್ಟು ಬರಾಕಿಲ್ಲ." ಗುಂಡಿ ಪಕ್ಕದಲ್ಲೇ ಚಾಪೆ ಹಾಸಿದರು. ಭಯವಾಗುತ್ತಿದೆ. ನಿಜವಾಗಿ ಭಯ.

18-11, ಮಧ್ಯಾಹ್ನ

ಇವರು ಜರಿ ತರಲು ಅಂಗಡಿಗೆ ಹೋದರು. ಅತ್ತೆ ಕೊಟ್ಟಿಗೆಯಲ್ಲಿದ್ದರು. ಕತ್ತರಿ ಹಾಕಿಯೇಬಿಟ್ಟೆ. ಮಗ್ಗಕ್ಕೆ ಬಿಗಿದಿದ್ದ ಹಾಸಿನ ನೂಲು ಕರಕರ ಎಂದು ಬಿಟ್ಟುಕೊಂಡಿತು. ಅರ್ಧ ಸೀರೆಯನ್ನು ಸುರುಳಿ ಸುತ್ತಿ ಎತ್ತಿಕೊಂಡು ಚೆಲ್ಲಮ್ಮಕ್ಕನ ಜಗಲಿಯಲ್ಲಿ ಕೂತಿದ್ದೇನೆ. ಬೈಯಲಿ, ಹೊಡೆಯಲಿ. ಜೀವ ಉಳಿದರೆ ಸಾಕು.

22-11

ಇವರು ಹೊಡೆಯಲಿಲ್ಲ. ಮಾತು ಬಿಟ್ಟಿದ್ದಾರೆ. ಎಲ್ಲರೂ ಜಗಲಿಯಲ್ಲೇ ಇದ್ದೇವೆ. ತಾರಮಂಗಲದವರು ಬಂದು, ಅರ್ಧ ಸೀರೆ ನೋಡಿ, ಶಾಪ ಹಾಕಿ ಹೋದರು, ಮಣ್ಣು ತೂರದ್ದೊಂದು ಬಾಕಿ. ಮಳೆ ನಿಂತಿದೆ. ಒಳ್ಳೆ ಬಿಸಿಲು.

ಗೋಡೆ? ಕಲ್ಲುಗುಂಡಿನ ಹಾಗೆ ನಿಂತಿದೆ, ಹಾಳಾದ್ದು!

24-11, ಸಂಜೆ

ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಬೆನ್ನು ತಿರುಗಿಸಿದರೆ, "ಧಾರೆ ಸೀರೆ ಕೊಯ್ದವಳು." ಅತ್ತೆ ದಿನವೂ ಬೀದಿಗೆ ಕೇಳುವ ಹಾಗೆ ಅನ್ನುತ್ತಾರೆ, "ಗೋಡೆ ಬಿತ್ತಾ? ಬಿತ್ತೇನ್ರವ್ವಾ? ನಮ್ಮನೆ ಸೊಸೆ ಜೋಸ್ಯ ಯೋಳಿದ್ಲು!"

ಇಂದು ದೀಪ ಹಚ್ಚಿ ಚೌಡಮ್ಮನ ಮುಂದೆ ಕೈ ಮುಗಿದೆ. ಗೋಡೆ ಬೀಳಲಿ ತಾಯೀ. ಒಂದೇ ಒಂದು ಸಲ ಬಿದ್ದುಬಿಡಲಿ. ಇವರೆಲ್ಲ ಕಣ್ಣಾರೆ ನೋಡಲಿ.

26-11

ಇವರು ಹೊಸ ಹಾಸುನೂಲು ತಂದಿದ್ದಾರೆ. ಮಗ್ಗ ಹೂಡಲು ಒಳಗೆ ಹೊರಟರು. ಹೊರಮೈ ಒಣಗಿದೆ, ಒಳಗಿನ್ನೂ ಹಸಿ ಇರಬಹುದು, ಮೇಸ್ತ್ರಿಗೆ ತೋರಿಸಿ ಅಂದೆ. ಎಂಟು ದಿನದ ಮೇಲೆ ಬಾಯಿ ಬಿಟ್ಟರು.

"ಮಳೇಲಿ ಬೀಳ್ದಿದ್ದು ಬಿಸ್ಲಲ್ಲಿ ಬೀಳ್ತದಾ? ಗೋಡೆ ಬೀಳ್ಲಿ ಅಂತಾನೇ ಕಾಯ್ತಾ ಇದ್ದೀಯಾ ನೀನು."

ಎದೆಗೆ ಚುಚ್ಚಿತು. ಸುಳ್ಳಾಗಿದ್ದರೆ ಜಗಳವಾಡಿ ತಡೆಯುತ್ತಿದ್ದೆ. ದಾರಿ ಬಿಟ್ಟು ಸರಿದೆ. ಹೋದರು.

3-12, ಆಸ್ಪತ್ರೆ

ಬಿತ್ತು. ಇವರು ಒಳಗೆ ಹೋದ ದಿನವೇ. ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ಸೊಂಟದವರೆಗೆ ಮಣ್ಣು. ಬೀದಿಯವರೆಲ್ಲ ಸೇರಿ ತೋಡಿ ತೆಗೆದರು.

ಜೀವ ಇದೆ. ಕಾಲುಗಳ ಬಗ್ಗೆ ಡಾಕ್ಟರ್ ಮಾತೇ ಆಡುವುದಿಲ್ಲ. ಕೇಳಿದರೆ "ಪಾಕ್ಕಲಾಂ" ಅನ್ನುತ್ತಾರೆ. ನೋಡೋಣ... ಏನು ನೋಡುವುದು? ಕಾಲಿಲ್ಲದೆ ಮಗ್ಗ ತುಳಿಯುವುದು ಹೇಗೆ?

ನೋಡಲು ಬಂದ ಬೀದಿಯವರ ಮುಂದೆಯೇ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ನೀನ್ ಯೋಳಿದ್ದೇ ಸರಿ ಆಯ್ತಲ್ಲ, ಮಗಾ."

ಎಲ್ಲರೂ ತಲೆಯಾಡಿಸಿದರು. ಈ ಒಂದು ಮಾತಿಗಾಗಿಯೇ ತಾನೇ ಅವತ್ತು ನಾನು ದೀಪ ಹಚ್ಚಿ—