ಸೌಂದರ್ಯ ಎಂದು ಕೂಗಿದಾಗ ಓಗೊಟ್ಟವಳು

ಮಾನ್ಯ ತಪಾಸಣಾಧಿಕಾರಿಗಳೇ,

ಈ ವರ್ಷ ಫೆಬ್ರವರಿ ಹನ್ನೊಂದರ ಬೆಳಿಗ್ಗೆ, ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಹಾಳೆತಟ್ಟೆ ಕಾರ್ಖಾನೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ತಾವು ನಲವತ್ತೊಂದು ಹೆಸರು ಕೂಗಿದಿರಿ. ನಲವತ್ತೊಂದಕ್ಕೂ ‘ಹಾಜರ್’ ಬಂತು. ‘ಇಲ್ಲಿ ಯಾರನ್ನೂ ಬಲವಂತದಿಂದ ದುಡಿಸುತ್ತಿಲ್ಲ’ ಎಂದು ಬರೆದು ಮೊಹರು ಒತ್ತಿದಿರಿ. ಆ ಹೊತ್ತಿನಲ್ಲಿ ಹದಿನೇಳನೆಯ ಹೆಸರಿನ ಸೌಂದರ್ಯ ನಮ್ಮೂರು ಜಡೆಯ ತನ್ನ ಮನೆಯಲ್ಲಿ ಸುಟ್ಟ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಅವಳ ಹೆಸರಿಗೆ ಓಗೊಟ್ಟವಳು ಅವಳ ತಾಯಿ ನಿಂಗಮ್ಮ. ಮಗಳಿಗೆ ಹತ್ತೊಂಬತ್ತು, ತಾಯಿಗೆ ಐವತ್ತೆರಡು. ತಮ್ಮ ಕೈಯ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲೇ ವಯಸ್ಸಿತ್ತು, ಫೋಟೋ ಇತ್ತು. ಆ ಕಾರ್ಖಾನೆ ಹೆಣ್ಣುಮಕ್ಕಳನ್ನು ಹನ್ನೆರಡು ದಿನಗಳಲ್ಲಿ ಮೂವತ್ತಮೂರು ವರ್ಷ ಮುದಿ ಮಾಡುತ್ತದೆಂದು ತಾವು ನಂಬಿದ್ದರೆ, ಅದನ್ನಾದರೂ ವರದಿಯಲ್ಲಿ ಬರೆಯಬಹುದಿತ್ತು.

ಹನ್ನೆರಡು ದಿನದ ಲೆಕ್ಕ ಇದು. ಉದುರಿದ ಅಡಿಕೆ ಹಾಳೆಯನ್ನು ನೆನೆಸಿ, ತೊಳೆದು, ಕಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆಯಾಗುತ್ತದೆ. ಭೂಮಿಗೆ ನೋವಾಗದಂತೆ ಉಣ್ಣಬೇಕೆನ್ನುವ ಹೊರದೇಶದವರು ಅದನ್ನು ಕೊಳ್ಳುತ್ತಾರೆ. ಜನವರಿ ಮೂವತ್ತರಂದು ಅಚ್ಚು ಸೌಂದರ್ಯಳ ಬೆರಳುಗಳ ಮೇಲೆ ಕೂತಿತು. ಎರಡು ಬೆರಳು ಇನ್ನು ಮಡಚುವುದಿಲ್ಲ. ಆ ತಟ್ಟೆಯನ್ನು ಎಸೆದರೋ, ಒರೆಸಿ ಪೆಟ್ಟಿಗೆಗೆ ಹಾಕಿದರೋ ತಿಳಿಯದು. ಕೊಳ್ಳುವವರಿಗೆ ಹೇಳಬೇಡಿ, ಮೃದು ಮನಸ್ಸಿನವರಂತೆ.

ಸುದ್ದಿ ಕೇಳಿ ನಿಂಗಮ್ಮ ಓಡಿದಳು. ದೂರದೂರಿನ ಹೆಂಗಸರು ಅಲ್ಲಿ ಒಳಗಿನ ಶೆಡ್ಡಿನಲ್ಲೇ ಇರಬೇಕು, ಗೇಟಿಗೆ ಬೀಗ. ಮೇಸ್ತ್ರಿ ಉಚ್ಚಂಗಪ್ಪ ಗೇಟಿನಲ್ಲೇ ನಿಯಮ ಹೇಳಿದ. ಪಕ್ಕದ ಮಿಷಿನ್ನಿನಲ್ಲಿ ದುಡಿದು ಸಂಜೆ ಶಿಕಾರಿಪುರದ ಮನೆಗೆ ಮರಳುವ ಖುರ್ಷೀದ್ ಬೀ ಅದನ್ನು ಕೇಳಿಸಿಕೊಂಡಿದ್ದಾಳೆ.

“ಕರ್ಕೊಂಡ್ ಹೋಗಮ್ಮ, ಯಾರ್ ಬ್ಯಾಡ ಅಂದ್ರು? ಬದಲಿ ಕೂರ್ಸಿ ಹೋಗು. ಆರ್ಡರ್ ಮುಗಿಯೋತನಕ ಮಿಷಿನ್ ಖಾಲಿ ಇರಂಗಿಲ್ಲ.”

“ನಾನು ಕೂತ್ರೆ ಇವಳ ಜೊತೆ ಆಸ್ಪತ್ರೆಗೆ ಯಾರು ಹೋಗ್ತಾರೆ ಸ್ವಾಮಿ?”

“ಸುಟ್ಟಿದ್ದು ಕೈ ಅಲ್ಲೇನು? ಕಾಲು ನೆಟ್ಟಗೈತೆ. ನಡ್ಕಂಡ್ ಹೋಗ್ತಾಳೆ.”

ಹಾಗೆ ಮಗಳು ಹೊರಬಂದಳು, ತಾಯಿ ಒಳಹೋದಳು. ತಾಯಿಯ ಆಧಾರ್ ಕಾರ್ಡು, ಮನೆಯ ರೇಷನ್ ಕಾರ್ಡು ಕಚೇರಿಯ ಬೀರು ಸೇರಿದವು. ಜೋಪಾನವಾಗಿರಲಿ ಎಂದಂತೆ.

ಈ ‘ಬದಲಿ’ ನನಗೆ ಹೊಸದಲ್ಲ. ನನ್ನ ತಂದೆ ಜಟ್ಟಪ್ಪ ಒಬ್ಬ ಒಡೆಯರ ಮನೆಯಲ್ಲಿ ಜೀತಕ್ಕಿದ್ದರು. ಅಪ್ಪನ ಮದುವೆಗೆ ನಾಲ್ಕು ದಿನ ಬಿಡುವು ಸಿಕ್ಕಿದ್ದು ಚಿಕ್ಕಪ್ಪನನ್ನು ಕೊಟ್ಟಿಗೆಯಲ್ಲಿ ಬದಲಿ ನಿಲ್ಲಿಸಿದ ಮೇಲೆ. ಬದಲಿ ನಿಂತವನು ಇಲ್ಲದವನ ಹೆಸರಿಗೇ ಓಗೊಡಬೇಕು, ಅದು ರೂಢಿ. ಒಡೆಯರು “ಜಟ್ಯಾ” ಎಂದರೆ ಚಿಕ್ಕಪ್ಪ “ಬಂದೆ ಒಡೆಯಾ” ಎನ್ನುತ್ತಿದ್ದ. ಒಡೆಯರಿಗೆ ಮುಖದ ಅಗತ್ಯವಿರಲಿಲ್ಲ, ಹೆಸರಿಗೆ ಒಂದು ಜೊತೆ ಕೈ ಸಾಕಿತ್ತು. ಅಣ್ಣನ ಮದುವೆಯನ್ನು ಚಿಕ್ಕಪ್ಪ ನೋಡಲೇ ಇಲ್ಲ.

ಎಪ್ಪತ್ತಾರರಲ್ಲಿ ಜೀತ ರದ್ದತಿ ಕಾನೂನು ಬಂತು. ನನಗಾಗ ಹತ್ತು ವರ್ಷ. ಊರಿಗೆ ಬಂದ ಅಧಿಕಾರಿಗೂ ಒಡೆಯರು ಜಗಲಿಯ ಮೇಲೆ ಕುರ್ಚಿ ಹಾಕಿಸಿ, “ನಮ್ಮಲ್ಲಿ ಜೀತ ಎಲ್ಲೈತೆ ರೀ, ಎಲ್ಲಾ ಮನೆ ಮಕ್ಕಳ ಹಂಗೆ” ಎಂದರು. ಆತ ಕೂರಲಿಲ್ಲ. ಕೊಟ್ಟಿಗೆಗೆ ನಡೆದು, ಸಗಣಿ ತುಳಿದು, ಅಪ್ಪನ ಮುಖ ನೋಡಿ “ನಿನ್ನ ಹೆಸರೇನಪ್ಪಾ?” ಎಂದ. ಅಷ್ಟೇ. ಮುಂದಿನ ತಿಂಗಳು ಅಪ್ಪ ಮನೆಯಲ್ಲಿದ್ದರು. ಈಗಿನ ತಮ್ಮಲ್ಲಿ ಜೀಪಿದೆ, ಮೊಬೈಲಿದೆ, ಎಂಬತ್ತು ಪ್ರಶ್ನೆಗಳ ನಮೂನೆಯಿದೆ. ತಲೆ ಎತ್ತುವ ಕೆಲಸವೊಂದನ್ನು ಮಾತ್ರ ಯಾವ ಸುತ್ತೋಲೆಯೂ ಕಲಿಸಲಿಲ್ಲವೇ?

ಖುರ್ಷೀದ್ ಬೀ ಹೇಳುತ್ತಾಳೆ: “ಸಾಹೇಬ್ರು ಮೇಲಕ್ಕೆ ನೋಡ್ಲೇ ಇಲ್ಲ ಅಣ್ಣಾ. ಒಂದ್ ಕೈಯಾಗ ಎಳನೀರು, ಒಂದ್ ಕೈಯಾಗ ಪೆನ್ನು. ಸೌಂದರ್ಯ ಅಂದ್ರು, ನಿಂಗಕ್ಕ ಹಾಜರ್ ಅಂದ್ಲು, ಗೀಟು ಹಾಕಿದ್ರು.”

ಮುಂದಿನ ಭಾನುವಾರ ನಾನು ಹೋಗಿ ಗೇಟಿನ ಸರಳಿನ ಆಚೆ ನಿಂತ ನಿಂಗಮ್ಮನನ್ನು, ಯಾಕೆ ಹಾಗಂದೆ ಎಂದು ಕೇಳಿದೆ. “ಬದಲಿ ಬಂದೋಳು ಅವಳ ಹೆಸ್ರಿಗೆ ಓಗೊಡದೆ ಇರಕ್ಕಾಗ್ತದ ಅಣ್ಣಾ? ನಂದೇನಾದ್ರೂ ತಪ್ಪಾಯ್ತಾ?” ಎಂದಳು. ಆಮೇಲೆ, “ಅವಳಿಗೆ ಅನ್ನ ಕಲಸಿ ಕೊಡೋರು ಯಾರು?” ಎಂದಳು. ತಪ್ಪಾಯಿತೇ ಎಂಬ ಅಳುಕು ಅವಳಿಗಿದೆ. ತಮಗೆ ಇರುವ ಲಕ್ಷಣ ಕಾಣುವುದಿಲ್ಲ.

ಏಕೆಂದರೆ ನಿಂಗಮ್ಮನನ್ನು ಬಿಡಿಸಿಕೊಡಿ ಎಂದು ನಾನು ಬರೆದ ಅರ್ಜಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ನನ್ನ ಮುಂದಿದೆ: ‘ಸದರಿ ಘಟಕದ ಪಟ್ಟಿಯಲ್ಲಿ ನಿಂಗಮ್ಮ ಎಂಬ ಹೆಸರಿನ ಕಾರ್ಮಿಕರು ಇರುವುದಿಲ್ಲ. ಆದುದರಿಂದ ಅವರನ್ನು ಬಿಡುಗಡೆಗೊಳಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.’ ಎಂಥ ಸ್ವಚ್ಛ ಕನ್ನಡ. ನಮ್ಮ ಒಡೆಯರಿಗೂ ಇಷ್ಟು ಬುದ್ಧಿ ಇರಲಿಲ್ಲ. ಅವರು ಆಳನ್ನು ಕಟ್ಟಿಹಾಕುತ್ತಿದ್ದರು, ಆಳು ಹುಟ್ಟಿಯೇ ಇಲ್ಲ ಎನ್ನುತ್ತಿರಲಿಲ್ಲ. ಇಲ್ಲದ ಆ ಹೆಂಗಸು ಇಂದಿಗೆ ನಲವತ್ತು ದಿನದಿಂದ, ಮಗಳ ಬೆರಳು ಹಿಡಿದ ಅದೇ ಅಚ್ಚಿನ ಮುಂದೆ ಕೂತು ತಟ್ಟೆ ಒತ್ತುತ್ತಿದ್ದಾಳೆ. ಪ್ರತಿ ಪೆಟ್ಟಿಗೆಯ ಜೊತೆ ತಮ್ಮ ಮೊಹರಿನ ನಕಲು ಹಡಗು ಹತ್ತುತ್ತಿದೆ. ಅದನ್ನು ಓದಿದ ದೂರದೇಶದವರು ನೆಮ್ಮದಿಯಾಗಿ ಉಣ್ಣುತ್ತಿದ್ದಾರೆ.

ನನ್ನ ಬೇಡಿಕೆ ಚಿಕ್ಕದು. ಬರುವ ಸೋಮವಾರ ಹತ್ತು ಗಂಟೆಗೆ ಅದೇ ಅಂಗಳಕ್ಕೆ ಅದೇ ಪಟ್ಟಿ ಹಿಡಿದು ಬನ್ನಿ. ಕುರ್ಚಿ ಬೇಡ. ಹದಿನೇಳನೆಯ ಹೆಸರು ಕೂಗಿ. ಒಳಗಿನಿಂದ ತಾಯಿ ಓಗೊಡುತ್ತಾಳೆ. ಗೇಟಿನ ಹೊರಗೆ ನನ್ನ ಜೊತೆ ನಿಂತ ಮಗಳೂ ಓಗೊಡುತ್ತಾಳೆ. ಬೀಗ ತೆಗೆಸಿ, ಇಬ್ಬರ ಮುಖವನ್ನೂ ನೋಡಿ, ಫೆಬ್ರವರಿ ಹನ್ನೊಂದರಂದು ತಾವು ಗೀಟು ಹಾಕಿದ್ದು ಯಾರ ಹೆಸರಿಗೆ, ಯಾರ ಕೈಗೆ ಎಂದು ಹೇಳಿ. ಉತ್ತರ ನನ್ನ ಮನೆ ವಿಳಾಸಕ್ಕೆ ಬೇಡ. ಈ ಪತ್ರ ಅಚ್ಚಾದ ಪತ್ರಿಕೆಯಲ್ಲೇ, ತಮ್ಮ ಸಹಿಯೊಂದಿಗೆ ಬರಲಿ. ಸಹಿಗೆ ಬದಲಿ ನಡೆಯುವುದಿಲ್ಲ.

ಇಂತಿ,
ಬದಲಿ ಆಳು ಕೊಟ್ಟು ಮದುವೆಯಾದ ಜಟ್ಟಪ್ಪನ ಮಗ,
ಇದೆಲ್ಲ ಮುಗಿದುಹೋಯಿತೆಂದು ಮೊಮ್ಮಕ್ಕಳಿಗೆ ಸುಳ್ಳು ಹೇಳಿದ
ಹುಚ್ಚರಾಯಪ್ಪ, ಜಡೆ