ಭಾರತವನ್ನು ಹೊರತುಪಡಿಸಿ

ಶ್ರೀರಾಂಪುರ

ಭಾವ ರಂಗಸ್ವಾಮಿಯವರಿಗೆ ಮತ್ತು ಮನೆಯಲ್ಲಿ ಸೇರಿರುವ ಬಂಧುಗಳಿಗೆ,

ಮಗಳು ಕೀರ್ತನಾ ಹೊರದೇಶದಲ್ಲಿ ತೀರಿಕೊಂಡಳೆಂದು ತಿಳಿದು ಬಂದಿದ್ದೀರಿ, ವಂದನೆಗಳು. ನಿಮ್ಮ ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ. ಅವಳು ಶಾಕಿರ್‌ನನ್ನು ಮದುವೆಯಾದಾಗ ಕಡಿಯುತ್ತೇವೆಂದು ಹೊರಟವರು ನೀವು, ತಡೆಯದವನು ನಾನು. ಆ ಭಯಕ್ಕೇ ಇಬ್ಬರೂ ಅಲ್ಲಿ ಆಶ್ರಯ ಬೇಡಿದರು.

ಅವಳ ತಾಯಿ ಜುಂಜಮ್ಮ ಸತ್ತಾಗ ಮಗಳು ಫೋನಿನಲ್ಲಿ, "ಕಾಗ್ದ ಬಿಡಲ್ಲ ಕಣಪ್ಪ, ಹೆಂಗ್ ಬರ್ಲಿ?" ಎಂದಳು.

"ಕಾಗ್ದ ದೊಡ್ಡದೋ, ಹೆತ್ತೋಳು ದೊಡ್ಡೋಳೋ?" ಎಂದೆ. ಅವಳು ಫೋನಿಟ್ಟಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದಂತೆಯೇ ಗೆದ್ದೆನೆಂದುಕೊಂಡೆ. ಜುಂಜಮ್ಮನ ಸಮಾಧಿಗೆ ಹಾಲುತುಪ್ಪ ಎರೆದ ದಿನ ನಿಮ್ಮೆದುರೇ, ಅವಳು ನನ್ನ ಪಾಲಿಗೆ ಸತ್ತಳೆಂದೆ. ನೀವೆಲ್ಲ ತಲೆಯಾಡಿಸಿದಿರಿ.

ನಿನ್ನೆ ಶಾಕಿರ್ ಅವಳ ಪ್ರಯಾಣಪತ್ರದ ಚಿತ್ರ ಕಳುಹಿಸಿದ. ನಿರಾಶ್ರಿತರಿಗೆ ಕೊಡುವ ಆ ಪುಸ್ತಕದಲ್ಲಿ, ಭಾರತವನ್ನು ಹೊರತುಪಡಿಸಿ ಎಲ್ಲ ದೇಶಗಳಿಗೂ ಮಾನ್ಯ ಎಂದು ಅಚ್ಚಾಗಿದೆ. ಹತ್ತು ಸಲ ಓದಿದೆ. ಪ್ರತಿವಾದ ಹೊಳೆಯಲಿಲ್ಲ.

ಕುರಿಗಳಿಗೆ ನೀರು ಕುಡಿಸಿ. ಇಲ್ಲಿ ಹಾಲುತುಪ್ಪ ಮಾಡಬೇಡಿ. ವೀಸಾ ಅರ್ಜಿಗಾಗಿ ಬೆಂಗಳೂರಿಗೆ ಹೊರಟಿದ್ದೇನೆ. ಎಷ್ಟು ತಿಂಗಳಾದರೂ ಸರಿ, ಅವಳ ಸಮಾಧಿಗೆ ನಾನೊಬ್ಬನೇ ಹೋಗಿ ಹಾಲೆರೆಯುತ್ತೇನೆ.

ಇಂತಿ,
ಕೀರ್ತನಾಳ ತಂದೆ
ಕಾಟಯ್ಯ