ದೇವರ ಕುರ್ಚಿ

ಶಿಗ್ಲಿ
ದಿನಾಂಕ ೧೧-೧೧-೨೦೨೪, ಸೋಮವಾರ ಮಧ್ಯಾಹ್ನ

ನನ್ನ ಮುದ್ದಿನ ಮೊಮ್ಮಗಳು ಸ್ನೇಹಾಗೆ ನಿನ್ನ ಆಯಿ ಸುಮಿತ್ರವ್ವನ ಆಶೀರ್ವಾದಗಳು.

ಹೇಗಿದ್ದೀ ಯವ್ವಾ? ಮೈಸೂರಿನ ಚಳಿಗೆ ಹತ್ತಿಕೊಂಡಿದ್ದ ನೆಗಡಿ ಬಿಟ್ಟಿತೋ ಇಲ್ಲವೋ? ಹೊತ್ತು ಹೊತ್ತಿಗೆ ಉಣ್ಣು. ಹಳೆಯ ಸಾಮಾನು ಒರೆಸುತ್ತ ಕೂತರೆ ನಿನಗೆ ಹಸಿವೆಯೇ ನೆನಪಾಗುವುದಿಲ್ಲ, ಗೊತ್ತು ನನಗೆ. ಇಲ್ಲಿ ಎಲ್ಲರೂ ಆರಾಮ. ನನ್ನ ಮೊಣಕಾಲು ಮಾತ್ರ ನಾನು ಹೇಳಿದ್ದು ಕೇಳುವುದಿಲ್ಲ, ನಿನ್ನ ಹಾಗೆಯೇ. ನಿಮ್ಮಪ್ಪ, ನಿಮ್ಮವ್ವ ಆಳು ಕರೆದುಕೊಂಡು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಾರೆ. ಮನೆ ಖಾಲಿ ಆದದ್ದು ನೋಡಿಯೇ ಪೆನ್ನು ಹಿಡಿದೆ. ದಿನಾ ಫೋನಿನಲ್ಲಿ ಮಾತಾಡುವ ಆಯಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅನ್ನಬೇಡ. ಫೋನು ಬಂದ ಕೂಡಲೇ ನಿಮ್ಮವ್ವ ಸ್ಪೀಕರ್ ಹಾಕುತ್ತಾಳೆ, ಮನೆಮಂದಿಯೆಲ್ಲ ಸುತ್ತುವರಿದು ಕೂಡುತ್ತಾರೆ. ಈ ಮಾತು ಮೊದಲು ನಿನಗೊಬ್ಬಳಿಗೇ ಹೇಳಬೇಕು.

ಮೊನ್ನೆ ನೀನು ಕಳಿಸಿದ ಫೋಟೋ ನೋಡಿದೆ. ನಮ್ಮ ದೇವರ ಕುರ್ಚಿಯನ್ನು ನಿಮ್ಮ ಮ್ಯೂಸಿಯಮ್ಮಿನಲ್ಲಿ ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಅದಕ್ಕೊಂದು ದೀಪ ಬಿಟ್ಟಿದ್ದೀರಿ. ಬರುವ ಸೋಮವಾರ ಜನರಿಗೆ ತೆರೆಯುತ್ತೀರಂತೆ. ಪಕ್ಕದ ಚೀಟಿಯಲ್ಲಿ ‘ಹೆರಿಗೆ ಕುರ್ಚಿ, ಸುಮಾರು ನೂರು ವರ್ಷ ಹಳೆಯದು’ ಎಂದು ನೀನು ಬರೆದದ್ದನ್ನು ನಿಮ್ಮಪ್ಪ ಓಣಿಗೆಲ್ಲ ಓದಿ ಹೇಳಿದ. “ನಾವು ಇನ್ನೂ ಮೈಸೂರು ನೋಡಿಲ್ಲ, ನಮ್ಮ ಕುರ್ಚಿ ನೋಡ್ರಿ, ಮೈಸೂರಾಗ ಕುಂತೈತಿ!” ಅಂದ. ಎಲ್ಲರೂ ನಕ್ಕರು. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತುಬಿಟ್ಟೆ.

ನಿನ್ನ ಕೆಲಸಕ್ಕೆ ಹೆಸರಿಡುತ್ತಿಲ್ಲ ತಂಗಿ. ಬೇಸಿಗೆ ರಜೆಗೆ ಬಂದಾಗ ಮನೆಯ ಒಂದೊಂದು ಸಾಮಾನನ್ನೂ ತಲೆಕೆಳಗು ಮಾಡಿ ನೋಡಿದೆಯಲ್ಲ, ನನಗೆ ಖರೆ ಹೆಮ್ಮೆಯಾಗಿತ್ತು. “ಆಯಿ, ಮ್ಯಾಲೆ ಬಣ್ಣ ಹಚ್ಚಿ ಸುಳ್ಳು ಹೇಳಬಹುದು, ಬುಡದಾಗ ಹೇಳಾಕ ಬರಂಗಿಲ್ಲ” ಅಂದಿದ್ದೆ. ನಾವು ವರ್ಷಾನುಗಟ್ಟಲೆ ಕುಂಕುಮ, ವಿಭೂತಿ, ಎಣ್ಣೆ ಮೆತ್ತಿದ ಆ ಪುಟ್ಟ ಕುರ್ಚಿಯನ್ನು ಒರೆಸಿ ಒರೆಸಿ ಕಟ್ಟಿಗೆ ಕಾಣುವ ಹಾಗೆ ಮಾಡಿದವಳು ನೀನು. ಕೂರುವ ಹಲಗೆಯ ಮುಂದೆ ಅರ್ಧಚಂದ್ರನ ಹಾಗೆ ಕೊರೆದದ್ದು ನಿನಗೇ ಮೊದಲು ಕಂಡಿತು. ಲಕ್ಷ್ಮೇಶ್ವರದ ನಿನ್ನ ಗೆಳತಿ ಗುಲ್ನಾಜಳ ಮನೆಯ ಹೆರಿಗೆ ಕುರ್ಚಿಗೂ ಅದೇ ಕೊರೆತ ಇದೆ ಎಂದು ಅಳತೆ ತಂದೆ. ಎಡಗೈಯ ಕಟ್ಟಿಗೆಯ ಮೇಲಿನ ಹಲ್ಲಿನ ಗುರುತು ತೋರಿಸಿ, ನೋವು ತಾಳದೆ ಹೆಂಗಸರು ಕಚ್ಚಿದ್ದು ಅಂದೆ. ನಾನು ಕೇಳುತ್ತ ಕೂತಿದ್ದೆ. ನಾನು ಸತ್ತ ಮೇಲೆ ಒಲೆಗೆ ಹಾಕಿಯಾರು, ನಿನ್ನ ಹತ್ತಿರವಾದರೆ ಜೋಪಾನವಾಗಿ ಇರುತ್ತದೆ ಎಂದು ಸುಮ್ಮನೆ ಕೊಟ್ಟು ಕಳಿಸಿದೆ.

ಆ ಗುರುತಿನ ಮೇಲೆ ನಿನ್ನ ಬೆರಳು ಇಟ್ಟು ನೋಡು ಯವ್ವಾ. ಹೆರುವ ಹೆಂಗಸಿನ ಬಾಯಿ ಅಷ್ಟು ಸಣ್ಣದಿರುತ್ತದೆಯೇ? ಅವು ಹಾಲುಹಲ್ಲು. ನನ್ನ ಮಗಳವು.

ನಿಮ್ಮಪ್ಪನಿಗಿಂತ ಮೊದಲು ನನಗೊಂದು ಹೆಣ್ಣುಮಗು ಹುಟ್ಟಿತ್ತು. ನೀಲವ್ವ ಅಂತ ಹೆಸರು. ಹುಟ್ಟುವಾಗ ಬಹಳ ಹೊತ್ತು ಅಳಲೇ ಇಲ್ಲ. ಮುಂದೆ ಕುತ್ತಿಗೆ ನಿಲ್ಲಲಿಲ್ಲ, ಬೆನ್ನು ನಿಲ್ಲಲಿಲ್ಲ, ಮಾತು ಬರಲಿಲ್ಲ. ಗದಗಿನ ದವಾಖಾನೆ ಆಯಿತು, ಶಿರಹಟ್ಟಿ ಮಠಕ್ಕೆ ನಡೆದು ಹೋದದ್ದಾಯಿತು. ಅವಳು ಹೇಗಿದ್ದಳೋ ಹಾಗೇ ಇದ್ದಳು. ಕಡೆಗೆ ನಿಮ್ಮಜ್ಜ ಬಡಿಗೇರ ಮೌನೇಶಪ್ಪನನ್ನು ಕರೆಸಿದರು. ಅವನು ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ದಾರದಲ್ಲಿ ಅಳತೆ ತೆಗೆದ. ಹಿರಿಯರ ಕಾಲದ ಮುರಿದ ಬಾಗಿಲು ಅಟ್ಟದ ಮೇಲಿತ್ತು, ಅದನ್ನೇ ಒಡೆದು ಮಾಡಿದ. ಕಟ್ಟಿಗೆಗೆ ನೂರು ವರ್ಷ ಎಂದು ನೀನು ಹೇಳಿದ್ದು ಹಾಗೆ ನೋಡಿದರೆ ತಪ್ಪಲ್ಲ. ಕುರ್ಚಿ ಮಾತ್ರ ನನಗಿಂತ ಸಣ್ಣದು. ಅವಳ ತಲೆ ಎಡಕ್ಕೆ ವಾಲುತ್ತಿತ್ತು, ಅದಕ್ಕೆ ಕುರ್ಚಿಯ ಎಡಗೈ ಎತ್ತರ. ಬೆನ್ನಿನ ಎರಡು ತೂತಿನಲ್ಲಿ ನನ್ನ ಹಳೆಯ ಸೀರೆಯ ಪಟ್ಟಿ ಹಾಯಿಸಿ ಎದೆಗೆ ಕಟ್ಟುತ್ತಿದ್ದೆ. ಮುಂದಿನ ಕೊರೆತ ಕೆಳಗೆ ಪಾತ್ರೆ ಇಡಲಿಕ್ಕೆ. ಪಾಪ, ಅವಳಿಗೆ ಹೇಳಲು ಬರುತ್ತಿರಲಿಲ್ಲವಲ್ಲ. ನಾನು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕೂರಿಸಿಕೊಳ್ಳುತ್ತಿದ್ದೆ. ಆ ಸಪ್ಪಳ ಕೇಳಿದರೆ ಮೈಯೆಲ್ಲ ಕುಣಿಸಿ ನಗುತ್ತಿದ್ದಳು. ಅವಳು ನಗಲಿ ಎಂದು ನಾನು ಬೇಕಿಲ್ಲದಿದ್ದರೂ ಇನ್ನೆರಡು ರೊಟ್ಟಿ ಬಡಿಯುತ್ತಿದ್ದೆ, ನಮ್ಮ ಅತ್ತೆಯ ಕಡೆ ಬೈಸಿಕೊಳ್ಳುತ್ತಿದ್ದೆ.

ಏಳನೆಯ ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟಳು. ಮಣ್ಣು ಮಾಡಿ ಬಂದವರೆಲ್ಲ ಒಂದೇ ಮಾತು: “ಪಾರಾದಿ ಬಿಡ ಸುಮಿತ್ರವ್ವ, ಅದಕ್ಕೂ ಬಿಡುಗಡಿ ಆತು, ನಿನಗೂ ಆತು.” ಯಾರಿಗೆ ಬೇಕಿತ್ತು ಬಿಡುಗಡೆ? ಅವಳು ನನಗೆ ಭಾರ ಎಂದು ನಾನು ಯಾರ ಮುಂದೆ ಹೇಳಿದ್ದೆ? ಎಲ್ಲರೂ ಹಗುರಾದೆ ಅಂದುಕೊಂಡಿದ್ದರಿಂದ ನನಗೆ ಬಾಯಿಬಿಟ್ಟು ಅಳಲಿಕ್ಕೂ ಆಗಲಿಲ್ಲ. ಅದೇ ತಿಂಗಳು ಮುಂಡರಗಿಯಿಂದ ಬೀಗರು ನೆಂಟರು ಬಂದಾಗ ಒಬ್ಬರು ಆ ಕುರ್ಚಿ ಎಳೆದುಕೊಂಡು ಅದರ ಮೇಲೆ ಕಾಲಿಟ್ಟು ಚಪ್ಪಲಿ ಕಟ್ಟಿಕೊಳ್ಳಲು ಹೋದರು. ನನ್ನ ಕೈಯಲ್ಲಿದ್ದ ತಂಬಿಗೆ ಬಿತ್ತು. ಆಗ ನಮ್ಮ ಅತ್ತೆ, ಒಂದು ದಿನವೂ ನನ್ನ ಜೊತೆ ನೆಟ್ಟಗೆ ಮಾತಾಡದ ಹೆಣ್ಣುಮಗಳು, ದೇವರಮನೆಯಿಂದ ಕುಂಕುಮದ ಬಟ್ಟಲು ತಂದು ಕುರ್ಚಿಗೆ ಹಚ್ಚಿಬಿಟ್ಟಳು. “ಕಾಲು ತಗೀರಿ. ಅದು ದೇವರ ಕುರ್ಚಿ, ಯಾರೂ ಕುಂಡ್ರಂಗಿಲ್ಲ” ಅಂದಳು. ಅಂದಿನಿಂದ ಅದು ದೇವರದಾಯಿತು. ನಿಮ್ಮಪ್ಪ ಹುಟ್ಟುವ ಹೊತ್ತಿಗೆ ಮನೆಯ ಹಿರಿಯರಿಗೂ ಅದು ರೂಢಿಯಾಗಿಬಿಟ್ಟಿತ್ತು, ನೀಲವ್ವನ ಹೆಸರು ಯಾರೂ ಎತ್ತುತ್ತಿರಲಿಲ್ಲ. ನಿಮ್ಮವ್ವ ಸೊಸೆಯಾಗಿ ಬಂದು ಅದಕ್ಕೆ ದೀಪ ಹಚ್ಚಿದಳು. ನೀನೂ ಹತ್ತನೇ ಇಯತ್ತೆಯ ಪರೀಕ್ಷೆಗೆ ಹೋಗುವಾಗ ಅದಕ್ಕೇ ಕೈ ಮುಗಿದು ಹೋದವಳು. ನಿಮ್ಮ ಸೋದರತ್ತೆಯೇ ಪಾಸು ಮಾಡಿಸಿದಳು ಅಂದುಕೋ.

ಅವಳದೊಂದು ಫೋಟೋ ಇಲ್ಲ ಸ್ನೇಹಾ. ಮಣ್ಣು ಮಾಡಿದ ಜಾಗ ರಸ್ತೆ ಅಗಲ ಮಾಡುವಾಗ ಹೋಯಿತು. ಅವಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ನನಗೂ ಈಗ ಒಮ್ಮೊಮ್ಮೆ ಮುಖ ನೆನಪಿಗೆ ಬರುವುದಿಲ್ಲ. ಹಲ್ಲಿನ ಗುರುತು ಮಾತ್ರ ಉಳಿದಿತ್ತು, ಅದೂ ಈಗ ಯಾರೋ ಹೆತ್ತವರದಾಗುತ್ತಿದೆ. ನಿಮ್ಮ ದೊಡ್ಡವರು ಏನಂತಾರೋ, ನಿನಗೆ ಅವಮಾನ ಆಗುತ್ತದೋ ಗೊತ್ತಿಲ್ಲ. ಆದರೂ ಕೇಳುತ್ತೇನೆ, ಆ ಚೀಟಿ ತೆಗೆ. ‘ಶಿಗ್ಲಿಯ ನೀಲವ್ವ ಕೂರುತ್ತಿದ್ದ ಕುರ್ಚಿ, ಬಡಿಗೇರ ಮೌನೇಶಪ್ಪ ಮಾಡಿದ್ದು’ ಎಂದು ಬರೆ. ಬೇರೇನೂ ಬೇಡ. ನಿನಗೊಬ್ಬಳು ಅಕ್ಕ ಇದ್ದಳಪ್ಪಾ ಎಂದು ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಹೇಗೆ ಹೇಳಲಿ ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಮೈ ಕಡೆ ಲಕ್ಷ್ಯ ಇರಲಿ. ರಾತ್ರಿ ಬಿಸಿನೀರು ಕುಡಿ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಆಯಿ
ಸುಮಿತ್ರವ್ವ

ತಾ. ಕ.: ಲಕೋಟೆ ಅಂಟಿಸುವ ಮೊದಲು ಫೋಟೋ ಇನ್ನೊಮ್ಮೆ ನೋಡಿದೆ. ಬೆನ್ನಿನ ತೂತು ಜನರಿಗೆ ಕಾಣಲಿ ಎಂದು ಕುರ್ಚಿಯ ಮುಖ ಗೋಡೆಗೆ ಮಾಡಿ ಇಟ್ಟಿದ್ದೀರಿ. ಚೀಟಿ ಎರಡು ದಿನ ತಡವಾದರೂ ಆಗಲಿ, ಪತ್ರ ಮುಟ್ಟಿದ ಕೂಡಲೇ ಅದನ್ನು ಬಾಗಿಲ ಕಡೆ ತಿರುಗಿಸು ಯವ್ವಾ. ಅವಳಿಗೆ ಕುತ್ತಿಗೆ ಹೊರಳಿಸಲು ಬರುವುದಿಲ್ಲ. ಬಂದವರ ಮುಖ ಕಾಣದಿದ್ದರೆ ಅಳುತ್ತಾಳೆ.